ಕಾಲು ನೋಡುವ ಜೋಡಿ

ಅಕ್ಟೋಬರ್ 4

ಅಕ್ಕನಿಗೆ,

ತಲುಪಿದೆ, ಜೀವಂತ ಇದ್ದೇನೆ. ಅದನ್ನೇ ಮೊದಲ ಸಾಲಿನಲ್ಲಿ ಬರೆದಿದ್ದೇನೆ. ಇಲ್ಲದಿದ್ದರೆ ನೀನು ಕಾಗದ ಒಡೆದವಳೇ ಕೊನೆಯ ಸಾಲಿಗೆ ಓಡಿ, ನನ್ನ ಸಹಿ ಇದೆಯೋ ಇಲ್ಲವೋ ನೋಡಿ, ಆಮೇಲೆ ಕೆಳಗಿನಿಂದ ಮೇಲಕ್ಕೆ ಓದುತ್ತೀಯ.

ವಿಮಾನದಲ್ಲಿ ಕಡಲು ದಾಟಿಸಿದರು. ಆಮೇಲೆ ಲಾರಿ. ಲಾರಿ ನಿಂತ ಕಡೆಯಿಂದ ನಡಿಗೆ. ದೂರದ ಬೆಟ್ಟ ನುಣ್ಣಗೆ ಅಂತ ಶಾಲೆಯಲ್ಲಿ ಹೇಳಿಕೊಟ್ಟಿದ್ದರಲ್ಲ, ಈ ಬೆಟ್ಟ ಹತ್ತಿರ ಬಂದರೂ ನುಣ್ಣಗೇ ಇದೆ. ಮಂಜು ಗಟ್ಟಿಯಾಗಿ, ತೊಳೆದಿಟ್ಟ ತಟ್ಟೆಯ ಹಾಗೆ ಹೊಳೆಯುತ್ತದೆ. ಕಾಲಿಟ್ಟರೆ ಜಾರುತ್ತದೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟದ್ದಕ್ಕೆ ಈ ಮುಂದಿನ ಪಾಠ ತಪ್ಪಿಹೋಯಿತೋ ಏನೋ.

ಯುದ್ಧ ಇಲ್ಲ, ಹೆದರಬೇಡ. ಬೆಟ್ಟದ ಆಚೆ ಒಂದು ಊರು, ಈಚೆ ಒಂದು ಊರು. ಅವರಿಬ್ಬರೂ ಬಡಿದಾಡಿ ಸುಸ್ತಾಗಿ ನಿಲ್ಲಿಸಿದ್ದಾರೆ. ಮತ್ತೆ ಶುರು ಮಾಡದ ಹಾಗೆ ನಾವು ನಡುವೆ ಕೂತಿದ್ದೇವೆ, ಕಿತ್ತಾಡುವ ಎರಡು ಮಕ್ಕಳ ನಡುವೆ ಅಮ್ಮ ಮಲಗಿದ ಹಾಗೆ. ಹದಿನಾರು ಜನ, ತಗಡಿನ ನಾಲ್ಕು ಕೋಣೆ, ಒಂದು ಅಡುಗೆಮನೆ. ಮೇಲೆ ತುದಿಯಲ್ಲಿ ಕಾವಲು ಕೋಣೆ. ಅಲ್ಲಿಗೆ ಹೋಗಲು ಹಗ್ಗ ಹಿಡಿದು ಹತ್ತಬೇಕು. ಬೆಳಿಗ್ಗೆ ಎದ್ದು ಮಂಜು ಕಡಿದು ತಂದು ಕರಗಿಸುವುದೇ ದೊಡ್ಡ ಕೆಲಸ. ಒಂದು ಹಂಡೆ ಮಂಜು ಕರಗಿದರೆ ಒಂದು ತಂಬಿಗೆ ನೀರು. ಹಲ್ಲುಜ್ಜುವ ಪೇಸ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಮಲಗಬೇಕು, ಇಲ್ಲದಿದ್ದರೆ ಬೆಳಿಗ್ಗೆ ಕಲ್ಲು.

ಇನ್ನೊಂದು ಪದ್ಧತಿ ಇದೆ. ಇದನ್ನು ಓದಿ ನಗಬೇಡ. ಇಲ್ಲಿ ಪ್ರತಿಯೊಬ್ಬನಿಗೂ ಒಬ್ಬ ಜೋಡಿ. ಸಂಜೆ ಊಟ ಆದ ಮೇಲೆ ಸೀಮೆಎಣ್ಣೆ ಒಲೆಯ ಸುತ್ತ ಎದುರುಬದುರು ಕೂತು, ಅವನ ಕಾಲು ನನ್ನ ತೊಡೆಯ ಮೇಲೆ, ನನ್ನ ಕಾಲು ಅವನ ತೊಡೆಯ ಮೇಲೆ. ಟಾರ್ಚ್ ಹಿಡಿದು ಬೆರಳಿನ ಸಂದಿ, ಹಿಮ್ಮಡಿ, ಎಲ್ಲ ನೋಡಬೇಕು. ಉಗುರು ಒತ್ತಿ ಬಿಟ್ಟರೆ ಬಿಳಿಚಿ ತಕ್ಷಣ ಕೆಂಪಾಗಬೇಕು. ತಡವಾದರೆ ಚಳಿ ಒಳಗೆ ಇಳಿದಿದೆ ಅಂತ ಅರ್ಥ. ಬಿಟ್ಟರೆ ಬೆರಳು ಸತ್ತುಹೋಗುತ್ತದೆ. ಕೊನೆಗೆ ಸಾಹೇಬರು ಒಬ್ಬೊಬ್ಬರನ್ನೇ ಕೇಳುತ್ತಾರೆ, "ನಿನ್ನ ಜೋಡಿ?" ನಾವು "ಸರಿ ಇದೆ" ಅನ್ನಬೇಕು. ತನ್ನ ಕಾಲಿನ ಬಗ್ಗೆ ಯಾರೂ ತಾನೇ ಹೇಳುವಂತಿಲ್ಲ. ಮರಗಟ್ಟಿದ ಕಾಲು ನೋಯುವುದಿಲ್ಲವಂತೆ, ಅದಕ್ಕೇ ಕಾಲಿನ ಒಡೆಯನ ಮಾತು ಲೆಕ್ಕಕ್ಕಿಲ್ಲ.

ನನ್ನ ಜೋಡಿಯನ್ನು ಎಲ್ಲರೂ ಉದ್ದಣ್ಣ ಅನ್ನುತ್ತಾರೆ. ತಲೆ ಬಗ್ಗಿಸದೆ ಅವನು ಬಾಗಿಲು ದಾಟಲು ಆಗುವುದಿಲ್ಲ, ಬಗ್ಗಿಸಲು ಮರೆತು ಹಣೆ ಹೊಡೆಸಿಕೊಂಡ ದಿನ ಬೇಕಾದಷ್ಟಿದೆ. ಸೈನ್ಯಕ್ಕೆ ಸೇರುವ ಮೊದಲು ಎತ್ತರದ ಕಟ್ಟಡಗಳಿಗೆ ಹಗ್ಗದಲ್ಲಿ ಜೋತಾಡಿಕೊಂಡು ಬಣ್ಣ ಬಳಿಯುತ್ತಿದ್ದನಂತೆ. ಇಲ್ಲೂ ಹಗ್ಗದ ಮೊದಲ ತುದಿ ಅವನದೇ. ದಿಂಬಿಗೆ ತಲೆ ಕೊಟ್ಟರೆ ಗೊರಕೆ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅನ್ನುವುದು ಅವನನ್ನು ನೋಡಿಯೇ.

ಮೊದಲ ಸಂಜೆಯೇ ಅವನ ಬೆರಳು ನೀಲಿ ಕಂಡು ನಾನು ಚಪ್ಪಲಿ ಇಲ್ಲದೆ ಕಾಂಪೌಂಡರ್ ಹತ್ತಿರ ಓಡಿದೆ. ಅದು ಹೊಸ ಕಾಲುಚೀಲ ಬಣ್ಣ ಬಿಟ್ಟದ್ದು. ಅಂದಿನಿಂದ ನನ್ನ ಹೆಸರು ಗಾಬರಿ.

ನೀನು ಹೊಲಿಗೆ ಮಿಷನ್ನಿನ ಹತ್ತಿರ ಇಸ್ತ್ರಿ ಪೆಟ್ಟಿಗೆ ಇಟ್ಟು ಮರೆಯಬೇಡ. ಭಾವನಿಗೆ ಹೇಳು.

ಬೆಚ್ಚಗಿರುವ ನಿನ್ನ ತಮ್ಮ


ಅಕ್ಟೋಬರ್ 29

ತಮ್ಮನಿಗೆ,

ನೀನು ಹೇಳಿದ್ದು ನಿಜ, ಕೊನೆಯ ಸಾಲನ್ನೇ ಮೊದಲು ಓದಿದೆ. "ಬೆಚ್ಚಗಿರುವ" ಅಂತ ಬರೆದಿದ್ದೀಯ. ಮಂಜಿನಲ್ಲಿ ಕೂತು ಬೆಚ್ಚಗಿದ್ದೇನೆ ಅಂದರೆ ಯಾರು ನಂಬುತ್ತಾರೆ? ನಿನ್ನನ್ನು ಎತ್ತಿ ಆಡಿಸಿದವಳು ನಾನು. ಸುಳ್ಳು ಹೇಳುವಾಗ ನಿನ್ನ ಅಕ್ಷರ ದುಂಡಗಾಗುತ್ತದೆ.

ಮಲಗುವಾಗ ಆ ಒಲೆ ಆರಿಸುತ್ತಾರಾ? ಹೊಗೆ ಎಲ್ಲಿಂದ ಹೋಗುತ್ತದೆ? ತಗಡಿನ ಕೋಣೆಗೆ ಕಿಟಕಿ ಇದೆಯಾ? ಹಗ್ಗ ಯಾವುದು, ನೂಲಿನದಾ ನೈಲಾನಿನದಾ? ಒಂದೊಂದಕ್ಕೂ ಬೇರೆ ಬೇರೆ ಉತ್ತರ ಬರಿ, ಎಲ್ಲಕ್ಕೂ ಸೇರಿಸಿ "ಸರಿ ಇದೆ" ಅನ್ನಬೇಡ.

ಇಲ್ಲಿ ಶಾಲೆಯ ಯೂನಿಫಾರಂ ಹೊಲಿಗೆ ಬಂದಿದೆ. ಕೋಣೆ ತುಂಬ ನೀಲಿ ಚಡ್ಡಿ. ನಿನ್ನ ಭಾವ ಬಸ್ಸಿನ ಕೆಲಸ ಮುಗಿಸಿ ಬಂದು ಕೂರಲು ಜಾಗ ಇಲ್ಲದೆ ಚಡ್ಡಿಯ ರಾಶಿಯ ಮೇಲೇ ಕೂತರು. ಕಾಗದ ಓದಿ ಹೇಳಿದೆ. "ಬೇರೆಯವ್ರ ಕಾಲು ನೋಡೋ ಕೆಲಸ ಅವನಿಗೆ ಕೊಟ್ಟೋರು ಪುಣ್ಯಾತ್ಮರು. ನಿಮ್ಮ ಮನೇಲಿ ಚಿಂತೆ ಅಂದ್ರೆ ಊಟಕ್ಕೆ ಉಪ್ಪಿದ್ದ ಹಾಗೆ. ಈಗ ಅವನಿಗೆ ಸರ್ಕಾರವೇ ಉಪ್ಪು ಕೊಟ್ಟಿದೆ" ಅಂದರು. ಸಿಟ್ಟು ಬಂತು. ನಗುವೂ ಬಂತು.

ಉದ್ದಣ್ಣ ನಿನ್ನ ಕಾಲನ್ನು ಸರಿಯಾಗಿ ನೋಡುತ್ತಾನಾ? ನಿದ್ದೆಗಣ್ಣಿನಲ್ಲಿ ನೋಡಿದರೆ ಪ್ರಯೋಜನ ಇಲ್ಲ ಅಂತ ಅವನಿಗೆ ಹೇಳು. ನಾನು ಹೇಳಿದೆ ಅಂತಲೇ ಹೇಳು.

ದಾರಿ ನೋಡುತ್ತಿರುವ ಅಕ್ಕ


ನವೆಂಬರ್ 21

ಅಕ್ಕ,

ಒಲೆ ಆರಿಸುತ್ತಾರೆ. ಕೊಳವೆ ಇದೆ, ಹೊಗೆ ಅದರಲ್ಲಿ ಹೋಗುತ್ತದೆ. ಕೊಳವೆಗೆ ಮಂಜು ತುಂಬಿದೆಯೋ ಅಂತ ನೋಡುವ ಕೆಲಸವನ್ನು ನಾನೇ ಕೇಳಿ ತೆಗೆದುಕೊಂಡೆ. ಬೇರೆಯವರು ನೋಡಿ ಬಂದರೂ ನಾನೊಮ್ಮೆ ಎದ್ದು ಹೋಗಿ ನೋಡುತ್ತೇನೆ. ಹಗ್ಗ ನೈಲಾನಿನದು. ಕಿಟಕಿ ಇದೆ, ತೆರೆಯಲು ಆಗುವುದಿಲ್ಲ.

ನಿನ್ನ ಮಾತನ್ನು ಉದ್ದಣ್ಣನಿಗೆ ಹೇಳಿದೆ. "ಅಕ್ಕಂಗೆ ಹೇಳು, ನಿನ್ನ ಕಾಲು ನೋಡ್ಬೇಕಾಗಿಲ್ಲ, ವಾಸನೆ ಬಂದ್ರೆ ಸಾಕು, ಜೀವ ಇದೆ ಅಂತ ಗೊತ್ತಾಗತ್ತೆ" ಅಂದ. ಆದರೆ ನೋಡುತ್ತಾನೆ. ಮಾತಾಡುತ್ತಾ, ನಗುತ್ತಾ ಇದ್ದರೂ ಅವನ ಹೆಬ್ಬೆರಳು ನನ್ನ ಒಂದೊಂದು ಉಗುರನ್ನೂ ಒತ್ತಿ ಬಿಟ್ಟು ಹೋಗುತ್ತದೆ.

ನಾನು ಮಾತ್ರ ಮಾನ ಕಳೆದುಕೊಂಡೆ. ಎರಡನೇ ಸಲ ಅವನ ಕಾಲಿಗೆ ಒಲೆಯ ಮಸಿ ಹತ್ತಿದ್ದನ್ನು ಕಂಡು ಕೂಗಿಕೊಂಡೆ. ಮೂರನೆಯದು ಜೋರಾಯಿತು. ಹಿಮ್ಮಡಿ ಕಪ್ಪಾಗಿದೆ ಅಂತ ಸಾಹೇಬರ ಮುಂದೆ ಹೇಳಿದೆ. ಮಾರನೇ ದಿನ ಮೇಲಿನ ಕಾವಲು ಕೋಣೆಗೆ ಹೊಸ ಹಗ್ಗ ಕಟ್ಟುವುದಿತ್ತು. ಉದ್ದಣ್ಣನನ್ನು ಕೋಣೆಯಲ್ಲೇ ಕೂರಿಸಿ ಬೇರೆಯವನನ್ನು ಮುಂದೆ ಬಿಟ್ಟರು. ಕಾಂಪೌಂಡರ್ ನೋಡಿದರೆ, ಬೂಟು ಕಚ್ಚಿದ ಗಾಯ. ಅಷ್ಟೇ. "ಇನ್ನೊಂದು ಸಲ ಸುಮ್ನೆ ಕರೆದ್ರೆ ನಿನ್ನ ನಾಲಿಗೆಗೇ ಪಟ್ಟಿ ಸುತ್ತೀನಿ" ಅಂದ. ಸಾಹೇಬರೂ, "ಕಣ್ಣು ಬಿಟ್ಕೊಂಡು ನೋಡು, ಬಾಯಿ ಬಿಟ್ಕೊಂಡಲ್ಲ" ಅಂದರು. ನಮ್ಮ ಅಡುಗೆಯವನನ್ನು ಎಲ್ಲರೂ ಸೌಟು ಅಂತ ಕರೆಯುವುದು. ಅವನು ಊಟಕ್ಕೆ ಬಡಿಸುವಾಗ ಸೌಟನ್ನು ನನ್ನ ಮುಂದೆ ಹಿಡಿದು, "ಗಾಬರಿ, ಇದೂ ಕಪ್ಪಗಾಗಿದೆ ಕಣೋ, ಒಂಚೂರು ಒತ್ತಿ ನೋಡು" ಅಂದ. ಹದಿನಾಲ್ಕು ಜನ ನಕ್ಕರು.

ಉದ್ದಣ್ಣ ನಗಲಿಲ್ಲ. ಅದೇ ನನಗೆ ಕಷ್ಟವಾದದ್ದು. ಆ ಹಗ್ಗ ಕಟ್ಟುವ ಕೆಲಸಕ್ಕೆ ಅವನು ಒಂದು ತಿಂಗಳಿಂದ ಕಾಯುತ್ತಿದ್ದ. ಬೆಟ್ಟ ಹತ್ತುವುದನ್ನು ಕಲಿಸುವ ಶಾಲೆಗೆ ಮೇಷ್ಟ್ರಾಗಿ ಒಬ್ಬನನ್ನು ಆರಿಸಲು ಕೆಳಗಿನಿಂದ ದೊಡ್ಡ ಸಾಹೇಬರು ಬರುತ್ತಾರಂತೆ. ಹಗ್ಗ ಕಟ್ಟಿದವನ ಹೆಸರು ಅವರ ಕಿವಿಗೆ ಬೀಳುತ್ತಿತ್ತು. ಅವನಿಗೆ ಬೇಕಾದದ್ದು ಆ ಮೇಷ್ಟ್ರ ಕೆಲಸವೊಂದೇ.

ನನಗೆ ಯಾಕೆ ಹೀಗಾಗುತ್ತದೆ ಅಕ್ಕ? ಕಂಡದ್ದೆಲ್ಲ ಕೆಟ್ಟದ್ದೇ ಅಂತ ಯಾಕೆ ಅನ್ನಿಸುತ್ತದೆ?

ನಿನ್ನ ತಮ್ಮ, ಹೆಸರು ಕೆಡಿಸಿಕೊಂಡವನು


ಡಿಸೆಂಬರ್ 5

ತಮ್ಮನಿಗೆ,

ಓದಿ ಹೊಟ್ಟೆ ಉರಿಯಿತು. ನಕ್ಕವರ ಮೇಲೆ ಒಂದಿಷ್ಟು, ನಿನ್ನ ಮೇಲೆ ಒಂದಿಷ್ಟು.

ನಿನಗೆ ಹೀಗಾಗುವುದು ನನ್ನಿಂದಲೇ ಇರಬೇಕು. ಅಮ್ಮ ಹೋದ ಮೇಲೆ ನೀನು ಶಾಲೆಯಿಂದ ಹತ್ತು ನಿಮಿಷ ತಡವಾದರೆ ನಾನು ಬೀದಿಯ ತುದಿಗೆ ಹೋಗಿ ನಿಲ್ಲುತ್ತಿದ್ದೆ. ನೋಡಿ ನೋಡಿ ಕಲಿತೆ ನೀನು. ಈಗ ನಾನೇ ಬಿಡಿಸಬೇಕು.

ನಾನು ಮಾಡುವುದನ್ನು ಹೇಳುತ್ತೇನೆ ಕೇಳು. ಬಟ್ಟೆ ಕತ್ತರಿಸುವಾಗ ಅನುಮಾನ ಬಂದರೆ ಕತ್ತರಿ ಇಟ್ಟು ಎದ್ದುಬಿಡುತ್ತೇನೆ. ಬೆಳಿಗ್ಗೆ ಹೊಸ ಕಣ್ಣಿನಲ್ಲಿ ಅಳತೆ ನೋಡುತ್ತೇನೆ. ಹತ್ತರಲ್ಲಿ ಒಂಬತ್ತು ಸಲ ಅಳತೆ ಸರಿಯೇ ಇರುತ್ತದೆ, ಸರಿ ಇಲ್ಲದಿದ್ದದ್ದು ನನ್ನ ತಲೆ. ನೀನೂ ಹಾಗೆ ಮಾಡು. ಏನಾದರೂ ಕಂಡರೆ ಬಾಯಿ ಬಿಡುವ ಮೊದಲು ಕಾದು ನೋಡು. ಮಾರನೇ ದಿನವೂ ಹಾಗೇ ಇದ್ದರೆ ಇನ್ನೊಮ್ಮೆ ನೋಡು. ಎಲ್ಲರ ಬಾಯಿಗೂ ನೀನು ಹಗುರವಾಗುವುದನ್ನು ನನಗೆ ಸಹಿಸಲು ಆಗುವುದಿಲ್ಲ. ಆ ಹುಡುಗನ ಆಸೆಗೆ ನೀನು ಅಡ್ಡ ಬರುವುದೂ ಬೇಡ.

ಕಿಟಕಿ ತೆರೆಯಲು ಆಗುವುದಿಲ್ಲ ಅಂದೆಯಲ್ಲ, ಅದನ್ನು ಯಾಕೆ ಬರೆದೆ? ನಿನ್ನೆ ಅದೇ ಯೋಚನೆಯಲ್ಲಿ ಒಂದು ಚಡ್ಡಿಗೆ ಮೂರು ಜೇಬು ಇಟ್ಟೆ.

ಅಕ್ಕ

(ಭಾವ ಬರೆದದ್ದು: ಮೂರು ಜೇಬಿನ ಚಡ್ಡಿ ನಿನಗೇ ಇಡ್ತೀವಿ. ಒಂದರಲ್ಲಿ ನಿನ್ನ ಚಿಂತೆ, ಒಂದರಲ್ಲಿ ಇವಳದು. ಇನ್ನೊಂದು ಖಾಲಿ ಇರಲಿ.)


ಡಿಸೆಂಬರ್ 19

ಅಕ್ಕ,

ನೀನು ಹೇಳಿದ ಹಾಗೆ ಮಾಡುತ್ತಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಉದ್ದಣ್ಣನ ಎಡಗಾಲಿನ ಹೆಬ್ಬೆರಳು ಮತ್ತು ಅದರ ಪಕ್ಕದ್ದು ಒತ್ತಿದರೆ ಕೆಂಪಾಗಲು ತಡ ಮಾಡುತ್ತಿವೆ. ಬಹಳ ತಡ ಅಲ್ಲ. ನಾನು ಉಸಿರು ಎಳೆದು ಬಿಡುವಷ್ಟು. ಮೊದಲ ದಿನ ಮಾತು ಬಾಯಿಯ ತನಕ ಬಂತು. ಸಾಹೇಬರು "ನಿನ್ನ ಜೋಡಿ?" ಅಂದರು. ನಿನ್ನ ಕತ್ತರಿ ನೆನಪಾಯಿತು. "ಸರಿ ಇದೆ" ಅಂದೆ. ಮಾರನೇ ದಿನ ನೋಡಿದೆ, ಹಾಗೇ ಇತ್ತು, ಅಥವಾ ಸ್ವಲ್ಪ ಹೆಚ್ಚೋ, ಗೊತ್ತಾಗಲಿಲ್ಲ. ಟಾರ್ಚಿನ ಬೆಳಕೂ ಮಂದ. ಉಸಿರು ಎಳೆಯುವುದು ನಾನೇ ನಿಧಾನ ಮಾಡಿದೆನೋ ಏನೋ.

ಅವನಿಗೂ ತಿಳಿಯಿತು. ನನ್ನ ಮುಖ ನೋಡಿಯೇ ತಿಳಿದದ್ದು. "ಏನೂ ಇಲ್ಲ ಕಣೋ. ಬೂಟು ಬಿಗಿ. ದೊಡ್ಡ ಸಾಹೇಬ್ರು ಬಂದು ಹೋಗ್ಲಿ, ಆಮೇಲೆ ನಾನೇ ಕಾಂಪೌಂಡರ್ ಮುಂದೆ ಕಾಲು ಚಾಚ್ತೀನಿ" ಅಂದ. ಮೂರು ಸಲ ನಾನು ಹೇಳಿದ್ದು ಸುಳ್ಳಾಗಿತ್ತು, ಅವನು ಹೇಳಿದ್ದು ನಿಜವಾಗಿತ್ತು. ಈಗಲೂ ಹಾಗೇ ಇರಬೇಕು ಅಲ್ಲವಾ?

ಇದು ಕಾಯುವ ವಿಷಯವೇ ಹೌದು ತಾನೇ? ಬೇಗ ಬರಿ. ಹೆಲಿಕಾಪ್ಟರ್ ಬಂದಾಗಲೇ ಕಾಗದ ಬರುವುದು, ಮೋಡ ಇದ್ದರೆ ಅದು ಬರುವುದಿಲ್ಲ.

ತಮ್ಮ


ಜನವರಿ 2

ಅಕ್ಕ,

ನಿನ್ನ ಉತ್ತರ ಬಂದಿಲ್ಲ. ಮೋಡ.

ದಿನಾ ಸಂಜೆ "ಸರಿ ಇದೆ" ಅನ್ನುತ್ತಿದ್ದೇನೆ. ಎರಡು ಬೆರಳೂ ಈಗ ಮೇಣದ ಬಣ್ಣ. ಉದ್ದಣ್ಣ ಅವನ್ನು ನನ್ನ ತೊಡೆಯ ಮೇಲೆ ಇಟ್ಟು ಕಂಬಳಿ ಎಳೆದುಕೊಳ್ಳುತ್ತಾನೆ. "ಬೇಗ ನೋಡು, ಚಳಿ" ಅನ್ನುತ್ತಾನೆ. ನಾನು ಟಾರ್ಚ್ ಹಾಕದೆ ನೋಡುತ್ತೇನೆ. ನಾವಿಬ್ಬರೂ ಮಾತಾಡಿಕೊಂಡದ್ದಲ್ಲ, ಅದು ಹಾಗೇ ಆಗಿಹೋಯಿತು.

ನಿನ್ನೆ ಕಾಂಪೌಂಡರ್ ಹತ್ತಿರ ತಲೆನೋವಿನ ಮಾತ್ರೆ ಕೇಳುವ ನೆಪದಲ್ಲಿ ಹೋದೆ. ಬಾಗಿಲಲ್ಲೇ, "ಯಾರ ಕಾಲು?" ಅಂತ ನಕ್ಕ. ಮಾತ್ರೆ ತೆಗೆದುಕೊಂಡು ಬಂದೆ.

ದೊಡ್ಡ ಸಾಹೇಬರು ಮೋಡ ಸರಿದ ದಿನ ಬರುತ್ತಾರೆ. ಎಲ್ಲರೂ ಆಕಾಶ ನೋಡುತ್ತಾರೆ. ನನಗೆ ಮೋಡ ಸರಿಯಬೇಕೋ ಬೇಡವೋ ಅನ್ನುವುದೇ ಗೊತ್ತಾಗುತ್ತಿಲ್ಲ.

ತಮ್ಮ


ಜನವರಿ 3

ತಮ್ಮನಿಗೆ,

ನಿನ್ನ ಡಿಸೆಂಬರಿನ ಕಾಗದ ಇವತ್ತು ಕೈಗೆ ಬಂತು. ಮಿಷನ್ ನಿಲ್ಲಿಸಿ ಬರೆಯುತ್ತಿದ್ದೇನೆ.

ಹೇಳಿಬಿಡು. ನಕ್ಕರೆ ನಗಲಿ. ಈ ಕಾಗದ ಓದಿ ಮುಗಿಸುವ ಮೊದಲೇ ಎದ್ದು ಹೋಗಿ ಹೇಳು. ನಾನು ಹೇಳಿದ್ದು ಬಟ್ಟೆಯ ಮಾತು. ಬಟ್ಟೆ ಕಾಯುತ್ತದೆ, ಮೈ ಕಾಯುವುದಿಲ್ಲ ಅಂತ ನನಗೆ ಹೊಳೆಯಲಿಲ್ಲ. ನನಗೆ ಯಾಕೆ ಹೊಳೆಯಲಿಲ್ಲವೋ. ದಿನವಿಡೀ ಇಲ್ಲದ ಚಿಂತೆ ಮಾಡುವವಳಿಗೆ ಮಾಡಬೇಕಾದ ಚಿಂತೆ ಕಾಣಲಿಲ್ಲ.

ಭಾವ ಈ ಕಾಗದ ಹಿಡಿದು ದೊಡ್ಡ ಅಂಚೆ ಕಚೇರಿಗೇ ಹೋಗುತ್ತಿದ್ದಾರೆ, ಬೀದಿಯ ಡಬ್ಬಿಗೆ ಹಾಕುವುದಿಲ್ಲ.

ಎದ್ದು ಹೋಗು.

ಅಕ್ಕ


ಜನವರಿ 12

ಅಕ್ಕ,

ನಿನ್ನ ಕಾಗದ ಬಂತು. ಅದನ್ನು ತಂದ ಹೆಲಿಕಾಪ್ಟರ್ ಉದ್ದಣ್ಣನನ್ನು ಕರೆದುಕೊಂಡು ಹೋಯಿತು.

ಆದದ್ದನ್ನು ಆದ ಹಾಗೇ ಬರೆಯುತ್ತೇನೆ. ಎಂಟನೇ ತಾರೀಕು ಮೋಡ ಸರಿದು ದೊಡ್ಡ ಸಾಹೇಬರು ಬಂದಿಳಿದರು. ಆರು ಜನ ಹಗ್ಗ ಹತ್ತಿದರು. ಉದ್ದಣ್ಣ ಹತ್ತಿದ್ದನ್ನು ನೀನು ನೋಡಬೇಕಿತ್ತು. ಗೋಡೆಗೆ ಬಣ್ಣ ಬಳಿಯುವವನ ಹಾಗೆ, ಅವಸರವೇ ಇಲ್ಲದೆ, ಅತ್ತಿತ್ತ ನೋಡಿಕೊಂಡು ಮೇಲೆ ಹೋದ. ಎಡಗಾಲನ್ನು ಬಂಡೆಗೆ ಊರುವಾಗ ಮಾತ್ರ ಒಮ್ಮೆ ತಲೆ ಬಗ್ಗಿಸಿ ನೋಡಿ ಊರುತ್ತಿದ್ದ. ಕಾಲು ತಾಗಿದ್ದು ಅವನಿಗೆ ತಿಳಿಯುತ್ತಿರಲಿಲ್ಲ, ಕಣ್ಣಿನಿಂದ ನೋಡಿ ತಿಳಿದುಕೊಳ್ಳುತ್ತಿದ್ದ. ಅದು ನನಗೊಬ್ಬನಿಗೇ ಗೊತ್ತಾದದ್ದು. ಉಳಿದವರು ಚಪ್ಪಾಳೆ ಹೊಡೆದರು. ದೊಡ್ಡ ಸಾಹೇಬರು ಅಲ್ಲೇ ಅವನ ಬೆನ್ನು ತಟ್ಟಿ, "ನೀನೇ" ಅಂದರು.

ಸಂಜೆ ಅವರೂ ನಮ್ಮ ಒಲೆಯ ಹತ್ತಿರ ಬಂದು ಕೂತರು. ಉದ್ದಣ್ಣನ ಬಾಯಿ ನಿಲ್ಲಲಿಲ್ಲ. "ಶಾಲೆಗೆ ಹೋದ್ಮೇಲೆ ಮೊದಲ ಪಾಠ ಇವನಿಗೇ. ಗಾಬರಿ, ನೀನು ಹಗ್ಗ ಹಿಡಿಯೋಕ್ ಮುಂಚೆ ಅದು ಹಾವಲ್ಲ ಅಂತ ಬರ್ಕೊಡ್ತೀನಿ" ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಸೌಟು ಕೆಟಲಿನಿಂದ ಚಹಾ ಹಾಕುತ್ತಾ ಬಂದವನು ನಗುತ್ತಾ ಕೈ ಅಲುಗಿಸಿದ. ಕುದಿಯುವ ಚಹಾ ಉದ್ದಣ್ಣನ ಎಡಗಾಲಿನ ಮೇಲೆ ಬಿತ್ತು. ಕಾಲುಚೀಲದಿಂದ ಹಬೆ ಏಳುತ್ತಿತ್ತು. ಅವನು ಮಾತು ಮುಂದುವರಿಸಿದ.

ಅಕ್ಕ, ಅವನು ಮಾತು ಮುಂದುವರಿಸಿದ.

ಆಗ ಸಾಹೇಬರು ಸರದಿಯಲ್ಲಿ ಕೇಳುತ್ತಾ ನನ್ನ ಹತ್ತಿರ ಬಂದರು. "ನಿನ್ನ ಜೋಡಿ?"

"ಸರಿ ಇಲ್ಲ" ಅಂದೆ.

ಯಾರೋ ಮೊದಲು ನಕ್ಕರು, ಆಮೇಲೆ ಎಲ್ಲರೂ. ದೊಡ್ಡ ಸಾಹೇಬರಿಗೆ ಸೌಟು ವಿವರಿಸಿದ, "ಇವನ ಅಭ್ಯಾಸ ಸಾಹೇಬ್ರೇ, ವಾರಕ್ಕೊಂದು ಕಾಲು ಕೊಲ್ತಾನೆ." ಕಾಂಪೌಂಡರ್, "ಬೆಳಿಗ್ಗೆ ನೋಡೋಣ ಬಿಡು" ಅಂದ. ಉದ್ದಣ್ಣ ನಗುತ್ತಲೇ ಕಾಲು ಎಳೆದುಕೊಂಡ. ಕಣ್ಣು ಮಾತ್ರ ನಗುತ್ತಿರಲಿಲ್ಲ. ಮೆಲ್ಲಗೆ, ನನಗೊಬ್ಬನಿಗೇ ಕೇಳುವ ಹಾಗೆ, "ಇವತ್ತೊಂದು ದಿನ ಬಿಡೋ" ಅಂದ.

ನಾನು ಅವನ ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಅವನು ಇನ್ನೊಂದು ಕಾಲಿನಲ್ಲಿ ಎದೆಗೆ ಒದ್ದ. ಬಿಡಲಿಲ್ಲ. ಒದ್ದೆ ಕಾಲುಚೀಲ ಕಿತ್ತು ದೀಪದ ಕೆಳಗೆ ಎಳೆದೆ. ಕಾಂಪೌಂಡರ್ ನಗುತ್ತಾ ಬಗ್ಗಿದ. ಬಗ್ಗಿದವನು ಎದ್ದಾಗ ಅವನ ಮುಖದಲ್ಲಿ ನಗು ಇರಲಿಲ್ಲ.

"ಎಷ್ಟು ದಿನದಿಂದ?" ಅಂದ.

ಉದ್ದಣ್ಣನನ್ನು ಕೇಳಿದ್ದಲ್ಲ ಅದು. ಜೋಡಿಯನ್ನು ಕೇಳಿದ್ದು.

"ಮೂರು ವಾರ" ಅಂದೆ.

ಸಾಹೇಬರು ಬೈಯಲಿಲ್ಲ. "ದಿನಾ ನನ್ನ ಮುಂದೆ ಸರಿ ಇದೆ ಅಂದೆಯಲ್ಲೋ" ಅಂದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ದೊಡ್ಡ ಸಾಹೇಬರನ್ನು ಇಳಿಸಿ ಹೋದ ಹೆಲಿಕಾಪ್ಟರ್, ಮತ್ತೆ ಮೋಡ ಮುಚ್ಚಿ, ತಿರುಗಿ ಬರಲು ಮೂರು ದಿನವಾಯಿತು. ಆ ಮೂರು ದಿನ ಅವನು ಗೋಡೆಯ ಕಡೆ ತಿರುಗಿ ಮಲಗಿದ್ದ. ಗೊರಕೆ ಇರಲಿಲ್ಲ. ಸ್ಟ್ರೆಚರಿನಲ್ಲಿ ಎತ್ತುವಾಗ ನಾನು ಕಾಲ ಕಡೆ ಹಿಡಿಯಲು ಹೋದೆ. "ಅವನು ಬೇಡ" ಅಂದ. ನನಗೆ ಅಲ್ಲ, ಸೌಟಿಗೆ ಹೇಳಿದ.

ತಮ್ಮ


ಫೆಬ್ರವರಿ 1

ತಮ್ಮನಿಗೆ,

ಏನು ಬರೆಯಲಿ ಅಂತ ಎರಡು ದಿನ ಕಾಗದ ಮಿಷನ್ನಿನ ಮೇಲೆ ಇಟ್ಟುಕೊಂಡಿದ್ದೆ. ಭಾವ, "ನಿಮ್ಮಿಬ್ರಲ್ಲಿ ಯಾರದ್ದು ತಪ್ಪು ಅಂತ ಹಂಚ್ಕೊಳ್ಳೋದಕ್ಕೆ ಕೂತ್ರೆ ಯುಗಾದಿ ಬಂದ್ರೂ ಮುಗಿಯಲ್ಲ, ಊಟ ಮಾಡು" ಅಂದರು. ಉಣ್ಣಲಿಲ್ಲ.

ಕಾದು ನೋಡು ಅಂದವಳು ನಾನು. ನೀನು ಒಂದೇ ಒಂದು ಸಲ ನನ್ನ ಮಾತು ಪೂರ್ತಿ ಕೇಳಿದೆ, ಅದು ಈ ಸಲವೇ ಆಗಬೇಕಿತ್ತಾ?

ಅವನನ್ನು ಯಾವ ಆಸ್ಪತ್ರೆಗೆ ಹಾಕಿದ್ದಾರೆ ಅಂತ ಕೇಳಿ ಬರಿ. ಎದೆಗೆ ಒದ್ದದ್ದು ನೋಯುತ್ತಿದೆಯಾ? ಅದನ್ನು ನೀನು ಬರೆದೇ ಇಲ್ಲ.

ಅಕ್ಕ


ಫೆಬ್ರವರಿ 20

ಅಕ್ಕ,

ಎದೆ ನೋವು ಹೋಗಿದೆ. ಅವನನ್ನು ನಮ್ಮ ದೇಶಕ್ಕೇ ಕಳಿಸಿದ್ದಾರೆ, ನಿನ್ನ ಊರಿನ ಸೈನ್ಯದ ಆಸ್ಪತ್ರೆಯಲ್ಲೇ ಇದ್ದಾನೆ. ಎರಡು ಬೆರಳು ತೆಗೆದರಂತೆ. ವಾರದ ಹಿಂದೆ ಸುದ್ದಿ ಬಂತು. ಇನ್ನೂ ಎರಡು ದಿನ ಬಿಟ್ಟಿದ್ದರೆ ಪಾದ ಹೋಗುತ್ತಿತ್ತು ಅಂತ ಕಾಂಪೌಂಡರ್ ಹೇಳಿದ. ನನಗೆ ಸಮಾಧಾನ ಆಗಲಿ ಅಂತ ಹೇಳಿದ್ದು. ಎರಡು ವಾರ ಮುಂಚೆ ಹೇಳಿದ್ದರೆ ಬೆರಳೂ ಉಳಿಯುತ್ತಿತ್ತು ಅನ್ನುವುದನ್ನು ಅವನು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಈಗ ಯಾರೂ ನನ್ನನ್ನು ಗಾಬರಿ ಅನ್ನುವುದಿಲ್ಲ. ತಮ್ಮ ಜೋಡಿ ನೋಡಿ ಆದ ಮೇಲೂ ಒಬ್ಬೊಬ್ಬರೇ ಬಂದು, "ಒಂದ್ಸಲ ನೀನೂ ನೋಡಿಬಿಡು" ಅನ್ನುತ್ತಾರೆ. ಸೌಟು ಕೂಡ ಬರುತ್ತಾನೆ. ಹದಿನಾಲ್ಕು ಜನರ ಕಾಲು ನೋಡುತ್ತೇನೆ. ಈಗ ನಾನು ಹೂಂ ಅಂದರೆ ಹೂಂ, ಉಹೂಂ ಅಂದರೆ ಉಹೂಂ. ಇದಕ್ಕಿಂತ ಆ ನಗುವೇ ವಾಸಿ ಇತ್ತು.

ನಾನು ಈಗ ಬೆಸ ಸಂಖ್ಯೆ. ಯಾರ ಜೊತೆಗಾದರೂ ಮೂರನೆಯವನಾಗಿ ಸೇರು ಅಂತ ಸಾಹೇಬರು ಅಂದಿದ್ದರು. ನಾನು ನೋಡಿಕೊಳ್ಳುತ್ತೇನೆ ಅಂದೆ. ಗಡ್ಡ ಕೆರೆಯುವ ಕನ್ನಡಿ ಇದೆ, ಅದರಲ್ಲಿ ಪಾದದ ಅಡಿ ಕಾಣುತ್ತದೆ, ಅರ್ಧ. ಸರದಿ ನನ್ನ ಹತ್ತಿರ ಬಂದಾಗ ಸಾಹೇಬರು ಕೇಳದೆ ಮುಂದೆ ಹೋಗುತ್ತಾರೆ. ಯಾರಿಗೂ ಆ ಜಾಗದಲ್ಲಿ ಬಂದು ಕೂರುವ ಮನಸ್ಸಿಲ್ಲ. ನನಗೂ ಯಾರ ತೊಡೆಯ ಮೇಲೂ ಕಾಲಿಡುವ ಮನಸ್ಸಿಲ್ಲ.

ಉದ್ದಣ್ಣನಿಗೆ ಎರಡು ಸಲ ಬರೆದು ಒಲೆಗೆ ಹಾಕಿದೆ.

ಸರಿ ಇದ್ದೇನೆ.

ತಮ್ಮ


ಮಾರ್ಚ್ 10

ತಮ್ಮನಿಗೆ,

ಆಸ್ಪತ್ರೆಗೆ ಹೋಗಿದ್ದೆ. ಕಿತ್ತಳೆ ಹಣ್ಣು ತೆಗೆದುಕೊಂಡು ಹೋದೆ. ದಾರಿಯುದ್ದಕ್ಕೂ ಏನು ಹೇಳಬೇಕು ಅಂತ ಬಾಯಿಪಾಠ ಮಾಡಿಕೊಂಡಿದ್ದೆ. ವಾರ್ಡಿನಲ್ಲಿ ಆರು ಮಂಚ. ಯಾವುದು ಅವನದು ಅಂತ ನರ್ಸನ್ನು ಕೇಳಬೇಕಾಗಲಿಲ್ಲ, ಒಂದರಿಂದ ಮಾತ್ರ ಕಾಲು ಹೊರಗೆ ಚಾಚಿತ್ತು.

ನಾನು ಯಾರು ಅಂತ ಹೇಳಿದೆ. ಸ್ಟೂಲನ್ನು ನನ್ನ ಕಡೆ ತಳ್ಳಿದ. ಆಮೇಲೆ, "ಕೂತ್ಕೊಳ್ಳಿ ಅಕ್ಕಾ. ಉದ್ದ ಇರೋದ್ರಲ್ಲಿ ಒಂದು ಲಾಭ ನೋಡಿ, ಎರಡು ಬೆರಳು ಹೋದ್ರೂ ಇನ್ನೂ ಮಂಚದಿಂದ ಹೊರಗೇ ಇದ್ದೀನಿ" ಅಂದ. ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. ಅಳುವುದನ್ನು ಬಿಟ್ಟು ಹಣ್ಣು ಸುಲಿದೆ.

ಆ ಶಾಲೆಯ ಮೇಷ್ಟ್ರ ಕೆಲಸ ಇಲ್ಲವಂತೆ. ಉಗ್ರಾಣದಲ್ಲಿ ಹಾಕುತ್ತಾರಂತೆ. "ಹಗ್ಗ ಎಣಿಸಿ ಕೊಡೋದು, ವಾಪಸ್ ಬಂದಾಗ ಎಣಿಸಿ ತಗೊಳ್ಳೋದು" ಅಂದ. ಮಂಚದ ಕೆಳಗೆ ಬೂಟು ಇತ್ತು. ನಡೆದರೆ ಎಡಗಡೆಯದರ ಮುಂಭಾಗ ಖಾಲಿ ಹೊಡೆಯುತ್ತದೆ, ಕಾಲು ಮುಂದಕ್ಕೆ ಜಾರುತ್ತದೆ ಅಂದ. ನಾನು ದಾರ ಹಿಡಿದು ಅಳತೆ ತೆಗೆದುಕೊಂಡೆ. ಮೂರು ದಿನ ಬಿಟ್ಟು ಹತ್ತಿ ತುಂಬಿ ಒಂದು ಮೆತ್ತೆ ಹೊಲಿದು ಕೊಟ್ಟು ಬಂದೆ. ಹಾಕಿಕೊಂಡು ವಾರ್ಡಿನ ಆ ತುದಿಗೆ ಹೋಗಿ ಈ ತುದಿಗೆ ಬಂದ. "ಬಿಗಿ ಇದೆ. ಪರ್ವಾಗಿಲ್ಲ, ಕೂರತ್ತೆ" ಅಂದ.

ಎರಡೂ ಸಲ ನಿನ್ನ ಮಾತು ಎತ್ತಲಿಲ್ಲ. ಮಳೆ, ಬಸ್ಸು, ಭಾವನ ಬೆನ್ನು ನೋವು, ಎಲ್ಲ ಕೇಳಿದ. ನಾನು ಒಮ್ಮೆ "ನಮ್ಮ ಹುಡುಗ" ಅಂತ ಶುರು ಮಾಡಿದೆ, ಕಿಟಕಿಯ ಕಡೆ ನೋಡಿದ. ನಾನು ಬಿಟ್ಟೆ.

ಎರಡನೇ ದಿನ ಹೊರಟು ಬಾಗಿಲ ತನಕ ಬಂದಿದ್ದೆ. ಹಿಂದಿನಿಂದ ಕರೆದ.

"ಅಕ್ಕಾ, ಅವನ ಕಾಲು ಈಗ ಯಾರು ನೋಡ್ತಾರೆ?"

"ಯಾರಾದ್ರೂ ನೋಡ್ತಿರ್ಬೇಕಪ್ಪ" ಅಂದೆ.

"ಇರ್ಬೇಕು ಅಂದ್ರೆ ಆಗಲ್ಲ. ಕೇಳಿ ತಿಳ್ಕೊಳ್ಳಿ" ಅಂದ. ದನಿ ಸಿಟ್ಟಿನದೇ.

ನೀನು ಕನ್ನಡಿ ಅಂತ ಬರೆದದ್ದು ನನಗೆ ಗೊತ್ತಿತ್ತು. ಅವನಿಗೆ ಹೇಳಲು ನಾಚಿಕೆಯಾಯಿತು. ಅವನು ಕೇಳಿದ್ದನ್ನು ನಿನಗೆ ಮುಟ್ಟಿಸಿದ್ದೇನೆ. ಈ ಸಲ ನಾನೇನೂ ಬುದ್ಧಿ ಹೇಳುವುದಿಲ್ಲ.

ಅಕ್ಕ


ಮಾರ್ಚ್ 28

ಉದ್ದಣ್ಣನಿಗೆ,

ನೀನು ಅಕ್ಕನ ಹತ್ತಿರ ಕೇಳಿದ್ದು ಬಂದು ತಲುಪಿತು. ಯಾರೂ ನೋಡುತ್ತಿರಲಿಲ್ಲ. ಅದು ನಿಜವಾದ ಉತ್ತರ.

ಕಾಗದ ಓದಿದ ಸಂಜೆ ಸೌಟಿನ ಎದುರಿಗೆ ಹೋಗಿ ಕೂತೆ. ಅವನ ಜೋಡಿ ಪಕ್ಕಕ್ಕೆ ಸರಿದ. ಕಾಲುಚೀಲ ಬಿಚ್ಚಿ ಕಾಲು ಚಾಚಿದೆ. ಸೌಟು ಟಾರ್ಚ್ ಹಿಡಿದು ಬಹಳ ಹೊತ್ತು ನೋಡಿದ. ಅವನ ಕೈಗೆ ಎಣ್ಣೆ ಜಿಡ್ಡು, ಒತ್ತುವಾಗ ಜಾರುತ್ತದೆ, ನಿನ್ನ ಹಾಗೆ ಒತ್ತಲು ಬರುವುದಿಲ್ಲ. ಬಲಗಾಲಿನ ಹಿಮ್ಮಡಿಯ ಹಿಂದೆ ಕನ್ನಡಿಗೆ ಕಾಣದ ಕಡೆ ಒಂದು ಬಿಳಿ ಮಚ್ಚೆ ಇತ್ತಂತೆ. ಸಾಹೇಬರು ಕೇಳಿದರು, "ನಿನ್ನ ಜೋಡಿ?" "ಸರಿ ಇಲ್ಲ ಸಾಹೇಬ್ರೇ" ಅಂದ. ಯಾರೂ ನಗಲಿಲ್ಲ. ಕಾಂಪೌಂಡರ್ ಬೆಚ್ಚಗಿನ ನೀರಿನಲ್ಲಿ ಅದ್ದಿಸಿ, ಮುಲಾಮು ಹಚ್ಚಿ, ವಾರ ಬೂಟು ಹಾಕಬಾರದು ಅಂದ. ಮೊದಲೇ ತಿಳಿದದ್ದಕ್ಕೆ ಉಳಿಯಿತು ಅಂದ. ಈಗ ಕೆಂಪಾಗಿದೆ. ನೋಯುತ್ತದೆ. ನೋಯಲಿ.

ನಿನಗೆ ಮೂರು ವಾರ ಯಾರೂ "ಸರಿ ಇಲ್ಲ" ಅನ್ನಲಿಲ್ಲ. ಅನ್ನಬೇಕಾದವನು ನಾನು. ಇದನ್ನು ಕ್ಷಮೆ ಕೇಳಲು ಬರೆಯುತ್ತಿಲ್ಲ. ಕ್ಷಮೆ ಕೇಳಿದರೆ ನೀನು ಏನಾದರೂ ಹೇಳಬೇಕಾಗುತ್ತದೆ, ಆ ಹೊರೆಯೂ ನಿನಗೇ ಯಾಕೆ?

ಆದರೆ ಅಕ್ಕನ ಕಾಗದದಲ್ಲಿ ಮೆತ್ತೆ ಬಿಗಿ ಇದೆ ಅಂತ ನೀನು ಅಂದದ್ದು ಓದಿದ ಮೇಲೆ ನನಗೆ ನಿದ್ದೆ ಬರುತ್ತಿಲ್ಲ. ಬಿಗಿಯಾದರೆ ಪಕ್ಕದ ಬೆರಳು ಉಜ್ಜುತ್ತದೆ. ಗಾಯದ ಹತ್ತಿರ ಚರ್ಮ ಮರಗಟ್ಟಿರುತ್ತದೆ, ಉಜ್ಜಿದ್ದು ನಿನಗೆ ಗೊತ್ತಾಗುವುದಿಲ್ಲ. ಪರವಾಗಿಲ್ಲ ಅನ್ನುವುದು ಕಾಲಿನ ಒಡೆಯನ ಮಾತು, ಅದು ಲೆಕ್ಕಕ್ಕಿಲ್ಲ. ಅಕ್ಕನಿಗೆ ಹೇಳಿ ಸಡಿಲ ಮಾಡಿಸು. ನರ್ಸಿಗಾಗಲಿ, ಪಕ್ಕದ ಮಂಚದವನಿಗಾಗಲಿ ದಿನಾ ತೋರಿಸು. ಒತ್ತಿ ಬಿಟ್ಟು ನೋಡಲು ಹೇಳು. ಹೇಗೆ ಒತ್ತಬೇಕು ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ನನಗೆ ಉತ್ತರ ಬರೆಯದಿದ್ದರೂ ಆಯಿತು. ಇದಕ್ಕೊಂದಕ್ಕೆ ಮಾತ್ರ ಅಕ್ಕನ ಕೈಯಲ್ಲಾದರೂ ಹೇಳಿ ಕಳಿಸು. ನಿನ್ನ ಉಳಿದ ಎಂಟನ್ನು ಈಗ ಯಾರು ನೋಡುತ್ತಾರೆ?

ಗಾಬರಿ